ಶಿವಮೊಗ್ಗ ಸೀಮೆಯ ತೋಟದ ಪಂಚಾಂಗ

ಶಿವಮೊಗ್ಗ ಸೀಮೆಯಲ್ಲಿ ತೋಟದ ಕೆಲಸಕ್ಕೆ ಕಾಲ ಗೊತ್ತುಮಾಡುವುದು ಮಳೆ. ಗಿಡ ನೆಡುವುದು, ಸೊಪ್ಪು ಹಾಸುವುದು, ಔಷಧಿ ಹೊಡೆಯುವುದು, ಹುಲ್ಲುಹಾಸು ಕೆರೆದು ಮಣ್ಣು ಕೊಡುವುದು, ಇವೆಲ್ಲ ಮುಂಗಾರಿಗೆ ಎಷ್ಟು ದಿನ ಮೊದಲು ಅಥವಾ ಎಷ್ಟು ದಿನದ ಮೇಲೆ ಎಂಬ ಲೆಕ್ಕದಲ್ಲೇ ನಡೆದುಬಂದಿವೆ. ಈ ಲೆಕ್ಕವನ್ನು ತೋಟದವರಿಗೆ ಹೇಳಿಕೊಡುವವರು ಮಾತ್ರ ಕಾಲಕಾಲಕ್ಕೆ ಬದಲಾಗಿದ್ದಾರೆ. ಮನೆಯ ಹಿರಿಯರು ಹೇಳುತ್ತಿದ್ದುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಹೇಳತೊಡಗಿತು. ಬಳಿಕ ಲಾಲ್‌ಬಾಗಿನಲ್ಲಿ ತರಬೇತಾದ ತೋಟಗಾರರು, ಕಾರ್ಖಾನೆ ಊರುಗಳ ಮಾಲಿಗಳು, ಈಗ ನರ್ಸರಿಯವರು ಮತ್ತು ಹುಲ್ಲುಹಾಸಿನ ಗುತ್ತಿಗೆದಾರರು ಆ ಕೆಲಸ ಮಾಡುತ್ತಿದ್ದಾರೆ.

ಶಿವಮೊಗ್ಗ ನಗರ ಮಲೆನಾಡು ಮುಗಿದು ಬಯಲು ತೊಡಗುವ ಅಂಚಿನಲ್ಲಿದೆ. ಇಲ್ಲಿಂದ ತೀರ್ಥಹಳ್ಳಿ ದಾಟಿ ಪಶ್ಚಿಮಕ್ಕೆ ಹೋದರೆ ಆಗುಂಬೆಯಲ್ಲಿ ವರ್ಷದ ಮಳೆ 7000 ಮಿಲಿಮೀಟರ್ ಮೀರುತ್ತದೆ. ನಗರದ ಸುತ್ತಮುತ್ತ ಬೀಳುವುದು ಅದರ ಸಣ್ಣ ಪಾಲು. ತುಂಗೆಯ ದಡದ ತೋಟಗಳಲ್ಲಿ ನದಿ ತಂದು ಹಾಕಿದ ಮೆಕ್ಕಲು ಮಣ್ಣಿದ್ದರೆ, ನಗರದ ರಾಗಿಗುಡ್ಡದಂಥ ಗುಡ್ಡದ ಮೈಯಲ್ಲಿ ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ. ಆದ್ದರಿಂದ ಒಂದೇ ಜಿಲ್ಲೆಯೊಳಗೆ ಒಂದೇ ಸಲಹೆ ಎಲ್ಲರಿಗೂ ಸಲ್ಲುವುದಿಲ್ಲ. ಸಾಗರ, ಹೊಸನಗರದ ತೋಟಿಗನ ಮೊದಲ ಚಿಂತೆ ನೀರು ಬಸಿದುಹೋಗುವುದು ಹೇಗೆಂಬುದು. ರಾಗಿಗುಡ್ಡದ ಮನೆಯಂಗಳದಲ್ಲಿ ಗಿಡ ಬೆಳೆಸುವವರ ಚಿಂತೆ ನೀರು ಹಿಡಿದಿಡುವುದು ಹೇಗೆಂಬುದು. ಈ ಸೀಮೆಯ ತೋಟಗಾರಿಕೆಯ ಇತಿಹಾಸವನ್ನು ಓದುವಾಗ ಈ ಎರಡು ಚಿಂತೆಗಳನ್ನೂ ಒಟ್ಟಿಗೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಹಳೆಯ ಪಂಚಾಂಗ ಮಳೆ ನಕ್ಷತ್ರಗಳದು. ಸೂರ್ಯ ಒಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಹೆಸರಿನ ಮಳೆ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಎಣಿಕೆ ಶುರುವಾಗುತ್ತದೆ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೆಯ ವಾರದಲ್ಲಿ ಕೃತ್ತಿಕೆ, ಮೇ ಕೊನೆಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರ. ಅಲ್ಲಿಂದ ಪುನರ್ವಸು, ಪುಷ್ಯ, ಆಶ್ಲೇಷ, ಮಖೆ ಎಂದು ಸಾಗಿ ನವೆಂಬರಿನ ವಿಶಾಖ, ಅನುರಾಧದವರೆಗೆ ಬರುತ್ತದೆ. ಭರಣಿಯಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದರೆ ಗುಂಡಿ ತೆಗೆಯಲು ನೆಲ ಮೆತ್ತಗಾಗುತ್ತದೆ. ಕೃತ್ತಿಕೆ, ರೋಹಿಣಿಯಲ್ಲಿ ಗುಂಡಿಗೆ ಗೊಬ್ಬರ, ಮೇಲ್ಮಣ್ಣು ತುಂಬಿ ಬಿಡುತ್ತಾರೆ. ಮೃಗಶಿರದಲ್ಲಿ ಸಸಿ ಇಳಿಸಿದರೆ ಆರಿದ್ರದ ಮಳೆಗೆ ಬೇರು ಹಿಡಿಯುತ್ತದೆ. ಪುಷ್ಯ, ಆಶ್ಲೇಷದ ಎಡೆಬಿಡದ ಮಳೆಯಲ್ಲಿ ದಾಸವಾಳ, ನಂದಿಬಟ್ಟಲಿನ ಟೊಂಗೆ ಕಡಿದು ಬೇಲಿಬುಡದಲ್ಲಿ ಊರಿದರೂ ಚಿಗುರುತ್ತದೆ. ಗ್ರೆಗೋರಿಯನ್ ಕ್ಯಾಲೆಂಡರಿನ ತಿಂಗಳು ಮೂವತ್ತು ದಿನದ್ದು, ಮಳೆ ನಕ್ಷತ್ರ ಅದರ ಅರ್ಧದಷ್ಟು. ತೋಟದ ಕೆಲಸಕ್ಕೆ ಬೇಕಾದ ಸೂಕ್ಷ್ಮ ಅಳತೆ ಈ ಎರಡನೆಯದರಲ್ಲೇ ಹೆಚ್ಚು. ಎರಡು ವಾರ ತಡವಾದರೆ ಏನಾಗುತ್ತದೆ ಎಂಬುದನ್ನು ತಲೆಮಾರುಗಳ ಕಾಲ ಕಂಡವರು ಕಟ್ಟಿದ ವ್ಯವಸ್ಥೆ ಅದು.

ತೋಟದ ಆರೈಕೆಯನ್ನು ಬರೆದಿಡುವ ಪರಿಪಾಠ ಕನ್ನಡದಲ್ಲಿ ಸಾವಿರ ವರ್ಷದಷ್ಟು ಹಳೆಯದು. ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಗುರುತಿಸುವುದು, ಅಡುಗೆ, ವೈದ್ಯ, ವಾಸ್ತುಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವಿದೆ. ಮನುಷ್ಯರಂತೆ ಮರಗಿಡಗಳಿಗೂ ವಾತ, ಪಿತ್ತ, ಕಫದ ದೋಷದಿಂದ ರೋಗ ಬರುತ್ತದೆ ಎಂಬುದು ಆ ಶಾಸ್ತ್ರದ ತಳಹದಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿ ಆಗ ಇದೇ ಚಾಲುಕ್ಯರ ಆಳ್ವಿಕೆಯ ದೊಡ್ಡ ಪಟ್ಟಣ. ಆ ಕಾಲದ ದಾನಶಾಸನಗಳಲ್ಲಿ ದೇವಾಲಯಗಳಿಗೆ ಗದ್ದೆಯ ಜೊತೆ ಹೂದೋಟ, ಅಡಕೆ ತೋಟ ಬಿಟ್ಟ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ. ನಿತ್ಯಪೂಜೆಗೆ ವರ್ಷವಿಡೀ ಹೂ ಒದಗಬೇಕಾದರೆ ಯಾವ ಗಿಡ ಯಾವಾಗ ಅರಳುತ್ತದೆ, ಅದನ್ನು ಯಾವಾಗ ಸವರಬೇಕು ಎಂಬ ತಿಳಿವಳಿಕೆ ಹೂದೋಟ ನೋಡಿಕೊಳ್ಳುವವರಿಗೆ ಇರಲೇಬೇಕಿತ್ತು. ಏಳು ಶತಮಾನಗಳ ಮೇಲೆ ಕೆಳದಿಯ ಅರಸ ಬಸವಪ್ಪ ನಾಯಕ ಸಂಸ್ಕೃತದಲ್ಲಿ ಬರೆದ ‘ಶಿವತತ್ತ್ವರತ್ನಾಕರ’ವೆಂಬ ಬೃಹತ್ ವಿಶ್ವಕೋಶವೂ ವೃಕ್ಷಾಯುರ್ವೇದವನ್ನು ಬಿಡಲಿಲ್ಲ. ಆಳುವ ಅರಸನೇ ಮರಗಿಡಗಳ ಆರೈಕೆಯನ್ನು ಬರೆದಿಡುವಷ್ಟು ತೋಟವೆಂಬುದು ಈ ನಾಡಿನ ಸಂಪತ್ತಿನ ಮೂಲವಾಗಿತ್ತು.

ಆ ಸಂಪತ್ತಿನ ಅಳತೆಗೋಲನ್ನು ಕೆಳದಿಯವರು ಇಕ್ಕೇರಿಯ ಅಘೋರೇಶ್ವರ ದೇವಾಲಯದಿಂದ ತೆಗೆದುಕೊಂಡರು. ದೇವಾಲಯದ ಕಂಬಗಳ ನಡುವಿನ ಅಂತರ ತೋಟದ ಭೂಮಿಗೆ ಪ್ರಮಾಣವಾಯಿತು. ಅದು ಇಂದಿನ ಲೆಕ್ಕದಲ್ಲಿ 18 ಅಡಿ 6 ಅಂಗುಲ. ಆ ಉದ್ದದ ಕೋಲು ಒಂದು ಮರಕ್ಕೆ ಸಲ್ಲುವ ಜಾಗವನ್ನು, ಅಂದರೆ ‘ದಾಯ’ವನ್ನು ಗೊತ್ತುಮಾಡುತ್ತಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ತನ್ನ ‘ಶಿಸ್ತು’ ಎಂಬ ಹೆಸರಾಂತ ಕಂದಾಯ ವ್ಯವಸ್ಥೆಯಲ್ಲಿ ಇಂಥ ಸಾವಿರ ದಾಯಕ್ಕೆ ಇಷ್ಟು ಎಂದು ತೋಟದ ಕಂದಾಯ ಗೊತ್ತುಮಾಡಿದ. ಕಂದಾಯದ ಇತಿಹಾಸ ಬರೆದವರು ಈ ಶಿಸ್ತನ್ನು ತೆರಿಗೆಯ ಸುಧಾರಣೆಯೆಂದು ನೋಡಿದ್ದಾರೆ. ತೋಟಗಾರಿಕೆಯ ಕಡೆಯಿಂದ ನೋಡಿದರೆ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ಮರಕ್ಕೆ ಇಷ್ಟು ಜಾಗ ಬೇಕು ಎಂಬುದನ್ನು ಒಂದು ರಾಜ್ಯ ಅಧಿಕೃತವಾಗಿ ಒಪ್ಪಿ, ಅದನ್ನು ಕಲ್ಲಿನ ಕಟ್ಟಡದಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ನಿಲ್ಲಿಸಿತು. ಇಂದು ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗೆಯ ಹತ್ತಿರ, ಶಿವಪ್ಪ ನಾಯಕನ ಹೆಸರಿನ ಅರಮನೆ ವಸ್ತುಸಂಗ್ರಹಾಲಯವಾಗಿದೆ. ಅದರ ಅಂಗಳದ ಹುಲ್ಲುಹಾಸಿನ ನಡುವೆ ಜಿಲ್ಲೆಯ ಬೇರೆ ಬೇರೆ ಕಡೆಯ ಶಿಲ್ಪಗಳು ನಿಂತಿವೆ.

ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಕ್ಕೇರಿ, ನಗರ ಎಂಬ ಊರುಗಳ ದಾರಿಯಲ್ಲಿ ಬಂದ. ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಸಸ್ಯಶಾಸ್ತ್ರಜ್ಞ. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಘಟ್ಟದ ಮೇಲಿನ ಅಡಕೆ ತೋಟಗಳ ನೆಡುವಿಕೆ, ಸೊಪ್ಪಿನ ಗೊಬ್ಬರ, ಮೆಣಸಿನ ಬಳ್ಳಿ, ಏಲಕ್ಕಿ ಇವೆಲ್ಲವನ್ನೂ ಅವನು ಊರಿನವರ ಬಾಯಿಂದ ಕೇಳಿ ಬರೆದುಕೊಂಡ. ಆ ಕ್ರಮದ ಮುಖ್ಯ ಅಂಶಗಳು ಇಪ್ಪತ್ತನೆಯ ಶತಮಾನದವರೆಗೂ ಹೆಚ್ಚೇನೂ ಬದಲಾಗಲಿಲ್ಲ. ಚಳಿ ಮುಗಿಯುವಾಗ ಕಾಡಿನ ದರಗು ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸಿ ಗೊಬ್ಬರ ಮಾಡುವುದು, ಬೇಸಿಗೆಯಲ್ಲಿ ಮರದ ಬುಡಕ್ಕೆ ಹೊಸ ಮಣ್ಣು ಕೊಡುವುದು, ಮಳೆಗೆ ಮುಂಚೆ ಬಸಿಗಾಲುವೆಗಳ ಹೂಳೆತ್ತುವುದು, ಹಸಿಸೊಪ್ಪು ಕಡಿದು ಬುಡಕ್ಕೆ ಹೊದಿಸುವುದು. ಸೊಪ್ಪು ಹೊದಿಸಿದರೆ ಮಳೆಯ ಹನಿ ನೇರವಾಗಿ ಮಣ್ಣಿಗೆ ಅಪ್ಪಳಿಸುವುದಿಲ್ಲ. ಕೊಳೆತ ಮೇಲೆ ಅದೇ ಗೊಬ್ಬರ. ಮಳೆಗಾಲ ಮುಗಿದು ಬಿಸಿಲು ದಕ್ಷಿಣಕ್ಕೆ ವಾಲಿದಾಗ ಪಶ್ಚಿಮ, ನೈಋತ್ಯದ ಸಾಲಿನ ಮರಗಳ ಕಾಂಡ ಸುಟ್ಟು ಸೀಳದಂತೆ ಅಡಕೆಯ ಸೋಗೆ ಕಟ್ಟುವುದೂ ಈ ಸರಣಿಯಲ್ಲೇ ಬರುತ್ತದೆ. ಸೊಪ್ಪಿಗೆಂದು ತೋಟದ ಪಕ್ಕದ ಕಾಡನ್ನು ಬಿಟ್ಟುಕೊಡುವ ಸೊಪ್ಪಿನಬೆಟ್ಟದ ಪದ್ಧತಿ ಇಲ್ಲೂ ಉತ್ತರ ಕನ್ನಡದಲ್ಲೂ ಇತ್ತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಸಿಗುತ್ತಿತ್ತು. ತೋಟವೊಂದು ಉಳಿಯಲು ಸುತ್ತಲ ಕಾಡು ಎಷ್ಟು ಬೇಕು ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಲೆಕ್ಕ ಬೇರೆ ಇಲ್ಲ.

ಈ ಪಂಚಾಂಗದಲ್ಲಿ ಅತ್ಯಂತ ಆತಂಕದ ಕಾಲ ಆಷಾಢ, ಶ್ರಾವಣ. ಮಳೆ ನಿಲ್ಲದೆ ಸುರಿದು, ನಡುವೆ ಒಂದಿಷ್ಟು ಬಿಸಿಲು ಬಿದ್ದು, ಮತ್ತೆ ಮೋಡ ಕವಿದರೆ ಎಳೆಯ ಅಡಕೆಯ ಮೇಲೆ ನೀರು ಇಂಗಿದಂಥ ಕಡು ಹಸಿರು ಕಲೆ ಕಾಣಿಸುತ್ತದೆ. ಕೆಲವೇ ದಿನಗಳಲ್ಲಿ ಕಾಯಿ ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಬಿದ್ದ ಕಾಯಿಯ ಮೈಮೇಲೆ ಬಿಳಿ ಬೂಷ್ಟು. ಇದೇ ಕೊಳೆರೋಗ. ಹಳಬರಿಗೆ ಇದಕ್ಕೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು. ಮಳೆ ಹಿಡಿಯುವ ಮೊದಲು ಒಂದೊಂದು ಗೊನೆಗೂ ಮೇಲಿನಿಂದ ಹೊದಿಕೆ ತೊಡಿಸಿ, ನೀರು ಕಾಯಿಗೆ ತಾಗದೆ ಜಾರಿಹೋಗುವಂತೆ ಬಿಗಿಯುತ್ತಿದ್ದರು. ಅಡಕೆಯ ಹಾಳೆಯಿಂದಲೂ ಕರಡದ ಹುಲ್ಲಿನಿಂದಲೂ ಈ ಕೊಟ್ಟೆಗಳನ್ನು ಮಾಡುತ್ತಿದ್ದರು. ಬೇಸಿಗೆಯ ಮಧ್ಯಾಹ್ನಗಳೆಲ್ಲ ಮನೆಯ ಜಗುಲಿಯಲ್ಲಿ ಕೊಟ್ಟೆ ಮಾಡುವುದಕ್ಕೇ ಸಾಲುತ್ತಿರಲಿಲ್ಲ. ಸಾವಿರ ಮರದ ತೋಟದಲ್ಲಿ ಮರಕ್ಕೆರಡು ಮೂರು ಗೊನೆಯಾದರೂ ಎಷ್ಟು ಕೊಟ್ಟೆ ಬೇಕು, ಎಷ್ಟು ಸಲ ಮರ ಹತ್ತಬೇಕು ಎಂದು ಲೆಕ್ಕ ಹಾಕಿದರೆ ಆ ದುಡಿಮೆಯ ಅಗಾಧತೆ ತಿಳಿಯುತ್ತದೆ. ಕಾರಣ ತಿಳಿಯದೆಯೂ ಅವರು ಕಂಡುಕೊಂಡ ಉಪಾಯ ಸರಿಯಾದದ್ದೇ ಆಗಿತ್ತು.

ಕಾರಣವನ್ನು ಕಂಡುಹಿಡಿದವರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಕೀಟ ಮತ್ತು ಶಿಲೀಂಧ್ರ ಶಾಸ್ತ್ರ ಎರಡೂ ಅವರ ಪಾಲಿಗೆ ಬಿದ್ದವು. ಮಲೆನಾಡಿನ ತೋಟಗಳಲ್ಲಿ ಮಳೆಗಾಲದ ಕೆಲಸ ಮಾಡಿ 1910ರಲ್ಲಿ ಅವರು ಕೊಳೆರೋಗದ ಮೇಲೆ ಪ್ರಕಟಿಸಿದ ಇಲಾಖಾ ಪುಸ್ತಿಕೆ ಅಡಕೆ ರೋಗಶಾಸ್ತ್ರಕ್ಕೆ ಅಡಿಪಾಯ ಹಾಕಿತು. ರೋಗಕ್ಕೆ ಫೈಟಾಫ್ತೊರ ಕುಲದ ಶಿಲೀಂಧ್ರ ಕಾರಣವೆಂದೂ ಅದು ನೀರಿನ ಹನಿ ಮತ್ತು ಗಾಳಿಯ ಜೊತೆ ಗೊನೆಯಿಂದ ಗೊನೆಗೆ ದಾಟುತ್ತದೆಂದೂ ಅದರಿಂದ ಸ್ಪಷ್ಟವಾಯಿತು. ಮರದಲ್ಲೇ ಒಣಗಿ ಜೋತುಬಿದ್ದ ಹಿಂದಿನ ವರ್ಷದ ಗೊನೆಗಳು ಮುಂದಿನ ಮಳೆಗಾಲಕ್ಕೆ ರೋಗವನ್ನು ಕಾದಿಡುತ್ತವೆ. ಹಾಗಾಗಿ ಬೇಸಿಗೆಯಲ್ಲೇ ಅವನ್ನು ಕಿತ್ತು ಸುಡಬೇಕೆಂಬ ಸಲಹೆ ತೋಟದ ಪಂಚಾಂಗಕ್ಕೆ ಹೊಸದಾಗಿ ಸೇರಿತು. ಸಲಹೆಯ ಎರಡನೆಯ ಭಾಗ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ದೆ 1885ರಲ್ಲಿ ದ್ರಾಕ್ಷಿಯ ಬೂಷ್ಟುರೋಗಕ್ಕೆಂದು ಪ್ರಕಟಿಸಿದ ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣ ಕಾಲು ಶತಮಾನದೊಳಗೆ ಮಲೆನಾಡಿನ ಅಡಕೆ ಮರದ ನೆತ್ತಿಗೆ ಏರಿತು. ಕೋಲ್ಮನ್ ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದರು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನೆ ಶುರುವಾದದ್ದೂ ಅವರ ಕಾಲದಲ್ಲೇ.

ದ್ರಾವಣ ಮಾಡುವ ಬಗೆ ನೂರು ವರ್ಷದಲ್ಲಿ ಬದಲಾಗಿಲ್ಲ. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರು, ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಐವತ್ತು ಲೀಟರ್ ನೀರಿನಲ್ಲಿ ಮೈಲುತುತ್ತ, ಇನ್ನೈವತ್ತರಲ್ಲಿ ಸುಣ್ಣ ಕರಗಬೇಕು. ಕಬ್ಬಿಣದ ಪಾತ್ರೆ ಸಲ್ಲದು, ತಾಮ್ರ ಅದಕ್ಕೆ ಹತ್ತಿಕೊಳ್ಳುತ್ತದೆ. ಹಿಂದೆ ಮಣ್ಣಿನ ಬಾನಿ, ಮರದ ಪೀಪಾಯಿ ಇದ್ದವು, ಈಗ ಪ್ಲಾಸ್ಟಿಕ್ ಡ್ರಮ್. ಸುಣ್ಣದ ತಿಳಿಯನ್ನು ಕೋಲಿನಲ್ಲಿ ಕಲಕುತ್ತಾ ಇರುವಾಗ ಮೈಲುತುತ್ತದ ನೀರನ್ನು ಅದಕ್ಕೆ ಸುರಿಯಬೇಕು. ತಿಳಿನೀಲಿಯ ಹದವಾದ ದ್ರಾವಣ ಬರುತ್ತದೆ. ಹದ ನೋಡಲು ಪ್ರಯೋಗಾಲಯ ಬೇಕಿಲ್ಲ. ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು ತೆಗೆದರೆ ಸಾಕು. ಅಲಗಿನ ಮೇಲೆ ಕೆಂಪು ಕಟ್ಟಿದ್ದರೆ ತಾಮ್ರ ಬಿಡಿಯಾಗಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಜಡಿಮಳೆಗೆ ತೊಳೆದುಹೋಗದಿರಲು ರಾಳ ಮತ್ತು ಸೋಡಾ ಕುದಿಸಿದ ಅಂಟು ಬೆರೆಸುತ್ತಾರೆ. ಮಾಡಿದ ದ್ರಾವಣ ಆ ದಿನವೇ ಖರ್ಚಾಗಬೇಕು. ಮೊದಲನೆಯ ಔಷಧಿ ಮುಂಗಾರು ಬಲಿಯುವ ಮೊದಲು, ಎರಡನೆಯದು ನಲವತ್ತು ನಲವತ್ತೈದು ದಿನದ ಮೇಲೆ, ಮಳೆ ಎಳೆದರೆ ಮೂರನೆಯದೂ ಉಂಟು.

ಈ ಕೆಲಸದ ಭಾರವೆಲ್ಲ ಕೊನೆಗಾರನ ಮೇಲೆ. ನಲವತ್ತು ಐವತ್ತು ಅಡಿ ಎತ್ತರದ ನಯವಾದ, ಮಳೆಗೆ ಜಾರುವ ಕಾಂಡವನ್ನು ಕಾಲಿಗೆ ಹಗ್ಗದ ಬಳೆ ತೊಟ್ಟು ಹತ್ತುತ್ತಾನೆ. ಒಂದು ಮರದ ಗೊನೆಗೆ ಔಷಧಿ ಮುಗಿದ ಮೇಲೆ ಇಳಿಯದೆ, ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಮೋಡ ಬಿಟ್ಟ ನಾಲ್ಕು ದಿನಗಳಲ್ಲಿ ಇಡೀ ಊರಿನ ತೋಟಗಳಿಗೆ ಅವನು ಬೇಕು. ಇಲಾಖೆಯ ಪುಸ್ತಿಕೆಗಳು ತಿಥಿ ಹೇಳಿದವು, ದ್ರಾವಣದ ಪ್ರಮಾಣ ಹೇಳಿದವು. ಯಾವ ದಿನ ಮರದ ಮೈ ಆರಿದೆ, ಯಾವ ದಿನ ಹತ್ತಬಾರದು ಎಂದು ಕೊನೆಗೆ ಹೇಳುತ್ತಿದ್ದವನು ಕೊನೆಗಾರನೇ. ಈ ಸೀಮೆಯ ತೋಟಗಾರಿಕೆಯ ಬರಹಗಳಲ್ಲಿ ಅವನಿಗೆ ಸಲ್ಲಬೇಕಾದ ಜಾಗ ಸಿಕ್ಕಿಲ್ಲ. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಜನರ ಬಾಯಲ್ಲಿ ಮಾಮ್‌ಕೋಸ್, ಹುಟ್ಟಿದ ಮೇಲೆ ಬೆಳೆಗಾರರಿಗಾದರೋ ತಮ್ಮದೇ ಸಂಸ್ಥೆಯೊಂದರ ಬಲ ಬಂತು. ಈಚೆಗೆ ಉದ್ದನೆಯ ಹಗುರ ದೋಟಿಗಳಿಂದ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಕ್ರಮ ಹರಡಿದೆ. ಮರ ಹತ್ತುವ ಅಪಾಯದ ಪಾಲು ಅಷ್ಟರ ಮಟ್ಟಿಗೆ ಕಡಿಮೆಯಾಗಿದೆ.

ಅಡಕೆಯ ಸಲಹೆ ಕೃಷಿ ಇಲಾಖೆಯಿಂದ ಬಂದರೆ ಅಲಂಕಾರದ ತೋಟದ ಸಲಹೆ ಬೆಂಗಳೂರಿನ ಲಾಲ್‌ಬಾಗಿನಿಂದ ಬಂತು. ಹೈದರಾಲಿ 1760ರಲ್ಲಿ ಶುರುಮಾಡಿದ ಆ ತೋಟ 1856ರಿಂದ ಸರ್ಕಾರಿ ಸಸ್ಯೋದ್ಯಾನವಾಗಿ ಬೆಳೆಯಿತು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಹೊರನಾಡಿನ ಅನೇಕ ಗಿಡಗಳನ್ನು ತರಿಸಿ ಹಂಚಿದರು. ಇಂದು ಮಲೆನಾಡಿನ ಹಿತ್ತಲ ಚಪ್ಪರದಲ್ಲಿ ಮಳೆಗಾಲವೆಲ್ಲ ಕಾಯಿ ಬಿಡುವ ಸೀಮೆಬದನೆ ಹೀಗೆ ಬಂದದ್ದೇ. 1908ರಲ್ಲಿ ಬಂದ ಜರ್ಮನಿಯ ಗುಸ್ತಾವ್ ಹರ್ಮನ್ ಕೃಂಬಿಗಲ್ ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೊಂದು ಬೀದಿಯಲ್ಲಿ ಮರ ಹೂ ಬಿಟ್ಟಿರಬೇಕು ಎಂಬ ಯೋಜನೆಯಿಂದ ಸಾಲುಮರ ನೆಡಿಸಿದರು. ಚಳಿಯ ಕೊನೆಗೆ ಟಬೂಬಿಯ, ಆಮೇಲೆ ಜಕರಂಡ, ಬೇಸಿಗೆಯಲ್ಲಿ ಗುಲ್‌ಮೊಹರ್ ಮತ್ತು ಕಕ್ಕೆ. ಮಳೆ ನಕ್ಷತ್ರಗಳ ಪಂಚಾಂಗ ಬೇರಿನ ಕಡೆ ನೋಡಿದರೆ ಇದು ಹೂವಿನ ಕಡೆಯಿಂದ ಕಟ್ಟಿದ ಪಂಚಾಂಗ. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಸ್ಥಾಪನೆಯಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1926ರಿಂದ 1941ರವರೆಗೆ, ಉದ್ಯಾನವೆಂಬುದು ಸಂಸ್ಥಾನದ ಊರುಗಳ ಆಡಳಿತದ ಭಾಗವೇ ಆಯಿತು.

ಇಂಗ್ಲೆಂಡಿನಿಂದ ಬಂದ ತೋಟಗಾರಿಕೆಯ ಪುಸ್ತಕಗಳಲ್ಲಿ ವಸಂತ ಬಿತ್ತನೆಯ ಕಾಲ, ಚಳಿಗಾಲ ತೋಟ ಮಲಗುವ ಕಾಲ. ಇಲ್ಲಿ ಅದು ತಿರುವುಮುರುವು. ವಸಂತವೆಂದರೆ ಬಿರುಬಿಸಿಲಿನ ಬಾಗಿಲು. ಋತುಹೂಗಳಿಗೆ ಚಳಿಗಾಲವೇ ಸುಗ್ಗಿ. ಸಂಸ್ಥಾನದ ತೋಟಗಾರರು ಅನುಭವದಿಂದ ಹೊಸ ವೇಳಾಪಟ್ಟಿ ಕಟ್ಟಿಕೊಂಡರು. ಜಿನಿಯಾ, ಕರ್ಣಕುಂಡಲ, ಚೆಂಡುಹೂಗಳಿಗೆ ಜೂನ್ ಬಿತ್ತನೆ. ಆಸ್ಟರ್, ಫ್ಲಾಕ್ಸ್, ಪೆಟೂನಿಯಾಗಳಿಗೆ ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಲಾಲ್‌ಬಾಗಿನ ಎರಡು ಫಲಪುಷ್ಪ ಪ್ರದರ್ಶನಗಳು ಆಗಸ್ಟ್ ಮತ್ತು ಜನವರಿಯಲ್ಲಿ ನಡೆಯುವುದಕ್ಕೆ ರಾಷ್ಟ್ರೀಯ ಹಬ್ಬಗಳು ನೆವವಾದರೂ ಈ ಎರಡು ಬಿತ್ತನೆಗಳ ಹೂ ತುಂಬಿ ಬರುವುದೂ ಅದೇ ಹೊತ್ತಿಗೆ. 1963ರಲ್ಲಿ ತೋಟಗಾರಿಕೆ ಇಲಾಖೆ ಕೃಷಿ ಇಲಾಖೆಯಿಂದ ಬೇರೆಯಾಗಿ ಎಂ.ಎಚ್. ಮರಿಗೌಡ ಅದರ ನಿರ್ದೇಶಕರಾದ ಮೇಲೆ ಜಿಲ್ಲೆ ಜಿಲ್ಲೆಗಳಲ್ಲೂ ಇಲಾಖೆಯ ಸಸ್ಯಕ್ಷೇತ್ರಗಳು, ಪ್ರದರ್ಶನಗಳು ಬೆಳೆದವು.

ಹುಲ್ಲುಹಾಸು ಈ ಸೀಮೆಗೆ ಬಂದದ್ದು ಬಂಗಲೆಗಳು ಮತ್ತು ಕಾರ್ಖಾನೆಯ ಊರುಗಳ ಜೊತೆ. ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಗಿ 1923ರ ಜನವರಿಯಲ್ಲಿ ಕುಲುಮೆ ಉರಿಯಿತು. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತರು. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ನ್ಯೂಟೌನ್, ಪೇಪರ್‌ಟೌನ್ ಎಂದು ಎರಡು ಯೋಜಿತ ಊರುಗಳು ಎದ್ದವು. ಅಗಲ ರಸ್ತೆ, ಸಾಲುಮರ, ಕ್ವಾರ್ಟರ್ಸಿನ ಮುಂದೆ ಕಾಂಪೌಂಡಿನೊಳಗೆ ಒಂದಿಷ್ಟು ನೆಲ. ಬೇರೆ ಬೇರೆ ಕಡೆಗಳಿಂದ ಬಂದ ಕುಟುಂಬಗಳು ಆ ನೆಲದಲ್ಲಿ ತಮ್ಮ ಊರಿನ ಗಿಡಗಳನ್ನು ನೆಟ್ಟವು. ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿ 1940ರ ದಶಕದಲ್ಲಿ ತೋಟಗಾರಿಕೆಯವರ ಕೈಗೆ ಬಂದು ಗುಲಾಬಿ ತೋಟಕ್ಕೆ ಹೆಸರಾಯಿತು. ಕಬ್ಬಿಣ ಮತ್ತು ಹೂವು ಈ ಸೀಮೆಯಲ್ಲಿ ಇಷ್ಟು ಹತ್ತಿರದ ನಂಟರು. ಕಾಗದ ಕಾರ್ಖಾನೆ ಕಳೆದ ದಶಕದ ಮಧ್ಯದಲ್ಲಿ ನಿಂತುಹೋದ ಮೇಲೆ ಅದರ ವಸತಿಗಳು ಬರಿದಾಗತೊಡಗಿದವು. ನೆಟ್ಟವರು ಬಿಟ್ಟುಹೋದ ಮಾವು, ಹಲಸು, ಸಂಪಿಗೆಗಳನ್ನು ನೋಡಿಕೊಳ್ಳುವವರಿಲ್ಲದಿರುವುದು ಆ ಊರನ್ನು ಬಲ್ಲವರಿಗೆಲ್ಲ ನೋವಿನ ಸಂಗತಿ.

ಹುಲ್ಲು ಕತ್ತರಿಸುವ ಯಂತ್ರವನ್ನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಕಂಡುಹಿಡಿದ. ಅಲ್ಲಿನ ಹುಲ್ಲು ತಂಪಿನಲ್ಲಿ ಬೆಳೆಯುವ ಜಾತಿಯದು. ಇಲ್ಲಿ ನಿಲ್ಲುವುದು ಬಿಸಿಲು, ಮಳೆ ಎರಡನ್ನೂ ಬಯಸುವ ಗರಿಕೆ ಮತ್ತು ಅದರ ಸುಧಾರಿತ ತಳಿಗಳು, ಈಚೆಗೆ ಕೊರಿಯನ್, ಮೆಕ್ಸಿಕನ್ ಎಂಬ ಹೆಸರಿನಲ್ಲಿ ನರ್ಸರಿಗಳಲ್ಲಿ ಚಾಪೆಯಂತೆ ಚೌಕವಾಗಿ ಸಿಗುವ ಹುಲ್ಲು. ಆದ್ದರಿಂದ ಹುಲ್ಲುಹಾಸಿನ ವರ್ಷವೂ ಮುಂಗಾರಿನಿಂದಲೇ ತೊಡಗುತ್ತದೆ. ಮೇ ತಿಂಗಳಲ್ಲಿ ನೆಲವನ್ನು ಒಂದಡಿ ಅಗೆದು ಬಿಸಿಲಿಗೆ ಬಿಟ್ಟು ಕಲ್ಲು, ಕೊನ್ನಾರಿ ಗಡ್ಡೆ ಆರಿಸಬೇಕು. ಕೊನ್ನಾರಿಯ ಒಂದು ಗಡ್ಡೆ ಉಳಿದರೂ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಹಾಸಿನ ತುಂಬ ತಲೆಯೆತ್ತುತ್ತದೆ. ಸೋಸಿದ ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಹರಡಿ, ನೀರು ಒಂದು ಕಡೆಗೆ ಹರಿಯುವಂತೆ ಸಣ್ಣ ಇಳಿಜಾರು ಕೊಟ್ಟು ರೋಲರ್ ಉರುಳಿಸುತ್ತಾರೆ. ಜೂನ್ ಮಳೆ ಕೂತ ಮೇಲೆ ಬೇರು ಸಹಿತ ಹುಲ್ಲಿನ ತುಣುಕುಗಳನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ಊರುತ್ತಾರೆ. ಹಳೆಯ ಹಾಸಾದರೆ ಮುಂಗಾರಿಗೆ ಮುಂಚೆ ಬುಡದವರೆಗೆ ಕೆರೆದು, ಕುಂಟೆಯಾಡಿಸಿ ಒಣಹುಲ್ಲಿನ ಪದರ ತೆಗೆದು, ಮೇಲೆ ಮಣ್ಣು ಗೊಬ್ಬರದ ಹೊದಿಕೆ ಕೊಡುತ್ತಾರೆ. ಮಾಲೀಕರಿಗೆ ಆ ಹದಿನೈದು ದಿನ ಅಂಗಳ ಬೋಳಾಗಿ ಕಾಣುತ್ತದೆ. ಮೊದಲ ಮಳೆಗೆ ಅದು ಹಸಿರಾಗಿ ಬರುವುದನ್ನು ಒಮ್ಮೆ ಕಂಡವರು ಮತ್ತೆ ಆ ಕೆಲಸ ತಪ್ಪಿಸುವುದಿಲ್ಲ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಬೇಕು, ಆದರೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಒಂದೇ ಸಲ ತೆಗೆಯಬಾರದು. ಜಡಿಮಳೆಗೆ ಮುನ್ನ ಯೂರಿಯಾ ಚೆಲ್ಲಿದರೆ ಅದು ಚರಂಡಿಗೆ ಹೋಗುತ್ತದೆ. ಮಳೆ ಹೊಳವಾದ ದಿನಗಳಲ್ಲಿ ಕೊಟ್ಟರೆ ಮಾತ್ರ ಬೇರಿಗೆ ಸಿಗುತ್ತದೆ. ಅಕ್ಟೋಬರ್ ಕಳೆದ ಮೇಲೆ ಹುಲ್ಲಿನ ಬೆಳವಣಿಗೆ ಮಂದವಾಗುತ್ತದೆ, ಕತ್ತರಿಸುವ ಅಂತರ ಹೆಚ್ಚಿಸಬಹುದು. ಫೆಬ್ರವರಿಯಿಂದ ಮೇವರೆಗೆ ದಿನವೂ ತುಸು ನೀರು ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ಕೊಟ್ಟರೆ ಬೇರು ಕೆಳಗಿಳಿದು ಹಾಸು ಬಿಸಿಲು ತಡೆಯುತ್ತದೆ. ರಾಗಿಗುಡ್ಡದಂಥ ಇಳಿಜಾರಿನ ನಿವೇಶನಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ಬೆಲೆ. ಮಟ್ಟ ಮಾಡಿದ ನಿವೇಶನದಲ್ಲಿ ಕಟ್ಟಡದ ಮಣ್ಣುಕಲ್ಲಿನ ಮೇಲೆ ತೆಳುವಾಗಿ ಕೆಮ್ಮಣ್ಣು ಹರಡಿ ಹಾಸಿದ ಹುಲ್ಲು ಮೊದಲ ಬೇಸಿಗೆಯಲ್ಲೇ ಒಣಗುತ್ತದೆ. ಇಂಥ ಕಡೆ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡುವುದು, ದಾಸವಾಳ, ಕಣಗಿಲೆ, ಕಾಗದದ ಹೂವಿನಂಥ ಗಟ್ಟಿ ಗಿಡಗಳಿಗೆ ಹೆಚ್ಚು ಜಾಗ ಕೊಟ್ಟು ಹುಲ್ಲಿಗೆ ಕಡಿಮೆ ಕೊಡುವುದು ಸರಿಯಾದ ದಾರಿ.

ಇಲಾಖೆ, 2012ರಲ್ಲಿ ಸ್ಥಾಪನೆಯಾಗಿ ಈಗ ಕೆಳದಿ ಶಿವಪ್ಪ ನಾಯಕನ ಹೆಸರು ಹೊತ್ತ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ, ನರ್ಸರಿ ಇವೆಲ್ಲ ಇದ್ದರೂ ಮನೆಯ ಹೂದೋಟದ ಪಂಚಾಂಗ ಇವತ್ತಿಗೂ ಹೆಚ್ಚಾಗಿ ಹೆಂಗಸರ ಕೈಯಲ್ಲಿದೆ. ಅದಕ್ಕೆ ಡೇರೆ ಹೂವೇ ಸಾಕ್ಷಿ. ಮೆಕ್ಸಿಕೋ ಮೂಲದ, ಪೇಟೆಯಲ್ಲಿ ಡೇಲಿಯಾ ಎಂದು ಮಾರುವ ಈ ಗಿಡ ಮಲೆನಾಡಿನ ಮನೆಯಂಗಳದಲ್ಲಿ ಊರಿನದೇ ಆಗಿಹೋಗಿದೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಮಣ್ಣು ಕೊಡವಿ, ಬೂದಿ ಅಥವಾ ಒಣಮರಳಿನಲ್ಲಿ ಹುದುಗಿಸಿ ಕತ್ತಲ ಮೂಲೆಯಲ್ಲಿ ಇಡುತ್ತಾರೆ. ಮೇ ತಿಂಗಳ ಮಳೆಗೆ ಗಡ್ಡೆಯ ಕುತ್ತಿಗೆಯಲ್ಲಿ ಕಣ್ಣು ಒಡೆಯುತ್ತದೆ. ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು. ಹಾಗಾಗಿ ಕಣ್ಣಿನ ಸಮೇತ ಸೀಳಿ ನೆಡುತ್ತಾರೆ. ಮಡಿ ಏರಿಸಿ, ನೀರು ನಿಲ್ಲದಂತೆ ನೋಡಿ, ಗಿಡ ಮೊಳದುದ್ದ ಆದಾಗ ಬಿದಿರಿನ ಊರುಗೋಲು ಕೊಟ್ಟರೆ ಶ್ರಾವಣಕ್ಕೆ ಹೂ. ಮೃಗಶಿರ, ಆರಿದ್ರದ ದಿನಗಳಲ್ಲಿ ನೆಂಟರ ಮನೆಗೆ ಹೋದವರು ಒಂದು ಗಡ್ಡೆ, ನಾಲ್ಕು ಟೊಂಗೆ ತರದೆ ಬರುವುದಿಲ್ಲ. ಬಣ್ಣ ಬಣ್ಣದ ತಳಿಗಳು ಹೀಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಜೊತೆ ಊರಿಂದೂರಿಗೆ ದಾಟಿವೆ.

ಚೌತಿಯ ಹೊತ್ತಿಗೆ ಅಂಗಳ ತುಂಬುತ್ತದೆ. ಆಶ್ವಯುಜದ ಹುಣ್ಣಿಮೆ ಭೂಮಿ ಹುಣ್ಣಿಮೆ. ಬಸುರಿ ಹೆಣ್ಣಿಗೆ ಬಯಕೆ ತೀರಿಸುವಂತೆ, ತೆನೆ ಹೊಡೆದ ಗದ್ದೆಗೂ ಫಲ ಹೊತ್ತ ತೋಟಕ್ಕೂ ಎಡೆ ಒಯ್ಯುವ ದಿನ. ಕಾಡಿನಿಂದ ಹಿತ್ತಲಿನಿಂದ ಆಯ್ದ ನಾನಾ ಬಗೆಯ ಸೊಪ್ಪು ಬೇಯಿಸಿದ್ದನ್ನು ಹಸೆ ಚಿತ್ತಾರದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು, ನಸುಕಿನಲ್ಲೇ ಹೋಗಿ ಬೀರುತ್ತಾರೆ. ಅದಾದ ಮೇಲೆ ಮಳೆ ಹಿಂದೆಗೆಯುತ್ತದೆ, ಅಡಕೆ ಕೊಯ್ಲು ಶುರುವಾಗುತ್ತದೆ. ಕೊಯ್ಲು ಮುಗಿಯುವ ಹೊತ್ತಿಗೆ ಕಾಡಿನಲ್ಲಿ ದರಗು ಉದುರಲು ತೊಡಗಿರುತ್ತದೆ.